ಮಿಷನರಿಗಳಿಗೆ ಶಾಲು ಹೊದಿಸಿದ್ದು ಸಾಕು

ನಮ್ಮ ಕಡೆಯ ಕ್ರೈಸ್ತ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಯಾರಾದರೂ ಹೊರದೇಶಕ್ಕೆ ಸೇವೆಗೆ ಹೊರಟರೆ ಬೀಳ್ಕೊಡುಗೆ ಜೋರಾಗಿ ನಡೆಯುತ್ತದೆ. ಶಾಲು, ಹಾರ, ಫ್ಲೆಕ್ಸು, ಊಟ. ಪಾಸ್ಟರು ಕಣ್ಣೀರು ಹಾಕಿ ಪ್ರಾರ್ಥಿಸುತ್ತಾರೆ, ನಾವೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತೇವೆ. ಆರು ತಿಂಗಳು ಕಳೆಯಲಿ, ಅವರ ಹೆಸರು ಭಾನುವಾರದ ಪ್ರಾರ್ಥನೆಯಲ್ಲಿ "ಹೊರದೇಶದಲ್ಲಿರುವ ನಿನ್ನ ಸೇವಕರು" ಅನ್ನುವ ಒಂದೇ ಮಾತಿಗೆ ಬಂದು ನಿಲ್ಲುತ್ತದೆ. ಇಲ್ಲಿ ಉಳಿದ ಅವರ ಅವ್ವನಿಗೆ ಬಿಪಿ ಗುಳಿಗೆ ಯಾರು ತಂದುಕೊಡುತ್ತಾರೆ ಅಂತ ಯಾರೂ ಕೇಳುವುದಿಲ್ಲ.

ನನ್ನ ತಂಗಿ ಮತ್ತು ಅವಳ ಗಂಡ ಮಲಾವಿಯಲ್ಲಿದ್ದಾರೆ. ಅವಳು ಹಳ್ಳಿ ಕಡೆಯ ಒಂದು ಮಿಷನ್ ಆಸ್ಪತ್ರೆಯಲ್ಲಿ ನರ್ಸು, ಅವರು ಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ಇಲ್ಲಿ ಗುಳೇದಗುಡ್ಡದಲ್ಲಿ ಅವರ ಬ್ಯಾಂಕು, ಅಂಚೆ, ತಹಶೀಲ್ದಾರ್ ಕಚೇರಿ ಎಲ್ಲ ಓಡಾಟ ನನ್ನದು. "ಆಫ್ರಿಕಾದವ್ರಿಗೆ ಯೇಸುನ್ನ ತೋರ್ಸಾಕ ಹೋಗ್ಯಾರ" ಅಂತ ಕೆಲವರು ಹೆಮ್ಮೆಯಿಂದ ಹೇಳಿದಾಗ ನನಗೆ ನಗು ಬರುತ್ತದೆ. ಮಲಾವಿಯಲ್ಲಿ ಬಹುಪಾಲು ಜನ ಕ್ರೈಸ್ತರೇ. ನಮ್ಮ ಸಭೆಗಿಂತ ಚೆಂದ ಹಾಡುತ್ತಾರೆ, ಅದೂ ಹಾರ್ಮೋನಿಯಂ ಇಲ್ಲದೆ. ಅಲ್ಲಿ ನರ್ಸುಗಳು ಸಾಲದು. ಅಲ್ಲಿನ ಸಭೆ ಕರೆಯಿತು, ಇವರು ಹೋದರು, ಅಲ್ಲಿನವರ ಕೈಕೆಳಗೇ ಕೆಲಸ ಮಾಡುತ್ತಿದ್ದಾರೆ. ಹೊರಡುವ ಮುಂಚೆ ಇಷ್ಟು ತಿಳಿದಿದ್ದರೆ ಆಮೇಲಿನ ಅರ್ಧ ನಿರಾಸೆ ತಪ್ಪುತ್ತದೆ.

ಬಾಸೆಲ್ ಮಿಷನ್‌ನವರು ನಮ್ಮೂರಿಗೆ ಬಂದದ್ದು 1851ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಸಂಸ್ಥೆ ಕಳಿಸಿದ ಮಿಷನರಿಗಳು ಅವರು. ಲಂಡನ್ ಮಿಷನ್‌ನವರು ಅದಕ್ಕೂ ಮುಂಚೆ, 1820ರಲ್ಲೇ, ಬೆಳಗಾವಿಗೆ ಬಂದಿದ್ದರು. ಬಂದವರ ಹೆಸರು ನಮಗೆ ನೆನಪಿದೆ. ಅವರನ್ನು ಇಲ್ಲಿ ಸಾಕಿದವರು ಯಾರು? 1855ರಿಂದ ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯ ಊರುಗಳಲ್ಲಿ ಬಾಸೆಲ್ ಮಿಷನ್‌ಗಾಗಿ ವಾರಕ್ಕೆ ಅರ್ಧ ಬಾಟ್ಸೆನ್ ಕೂಡಿಸುವ ಪದ್ಧತಿ ಇತ್ತು. ಅರ್ಧ ಬಾಟ್ಸೆನ್ ಅಂದರೆ ಚಿಲ್ಲರೆ ಕಾಸು. ದೊಡ್ಡ ವ್ಯಾಪಾರಿಗಳ ದಾನವೂ ಇತ್ತು ಅನ್ನಿ. ಆದರೆ ನಮ್ಮ ಮುತ್ತಜ್ಜಂದಿರು ಕಲಿತ ಶಾಲೆಗಳ ಹಿಂದೆ, ಈ ಕಡೆ ಯಾವತ್ತೂ ಮುಖ ಹಾಕದ ಬಡವರ ಆ ಕಾಸೂ ಇತ್ತು.

ಈಗ ಕಳಿಸುವವರ ಜಾಗದಲ್ಲಿ ನಾವಿದ್ದೇವೆ. 1990ರ ದಶಕದಲ್ಲಿ ಭಾರತವೂ ಸೇರಿ 14 ದೇಶಗಳಲ್ಲಿ, ಮಿಷನರಿಗಳು ಅರ್ಧಕ್ಕೇ ಯಾಕೆ ಮರಳುತ್ತಾರೆ ಅಂತ ಅಧ್ಯಯನ ನಡೆದಿತ್ತು. ಹೊಸದಾಗಿ ಜನರನ್ನು ಕಳಿಸುತ್ತಿದ್ದ ನಮ್ಮಂಥ ದೇಶಗಳಲ್ಲಿ ಕಂಡುಬಂದ ಮುಖ್ಯ ಕಾರಣಗಳಲ್ಲಿ ಒಂದು, ಮನೆ ಕಡೆಯಿಂದ ಆಸರೆ ಇಲ್ಲದಿರುವುದು. ನನಗೇನೂ ಆಶ್ಚರ್ಯ ಆಗಲಿಲ್ಲ.

ಮೊದಲು ಹಣದ ಮಾತು. ಇದನ್ನು ಮಾತಾಡಲು ನಮ್ಮ ಕಮಿಟಿಗಳಿಗೆ ಯಾಕೋ ಸಂಕೋಚ. "ದೇವರು ಒದಗಿಸ್ತಾನ" ಅಂದುಬಿಡುತ್ತಾರೆ. ಒದಗಿಸುತ್ತಾನೆ, ನಿಜ, ಆದರೆ ಬ್ಯಾಂಕಿಗೆ ಹೋಗಿ ಫಾರ್ಮ್ ತುಂಬುವವರು ಯಾರಾದರೂ ಬೇಕಲ್ವಾ? ಎಫ್‌ಸಿಆರ್‌ಎ ಕಾನೂನು ಹೊರದೇಶದಿಂದ ಒಳಗೆ ಬರುವ ದೇಣಿಗೆಗೆ ಸಂಬಂಧಿಸಿದ್ದು. ನಾವು ಹೊರಗೆ ಕಳಿಸುವುದು ಫೆಮಾ, ಅಂದರೆ ವಿದೇಶಿ ವಿನಿಮಯದ ಕಾನೂನಿನ ಕೆಳಗೆ ಬರುತ್ತದೆ. ಒಬ್ಬ ವ್ಯಕ್ತಿ ತನ್ನ ಸ್ವಂತ ಖಾತೆಯಿಂದ, ಪ್ಯಾನ್ ನಂಬರ್ ಕೊಟ್ಟು, ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಆರ್ಥಿಕ ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು. ನಮಗೆ ಅಷ್ಟು ಎಲ್ಲಿಂದ ಬರಬೇಕು, ಅದು ಬೇರೆ ಮಾತು. ಸಭೆಯ ಟ್ರಸ್ಟ್ ಖಾತೆಯಿಂದ ಕಳಿಸುವುದು ಮಾತ್ರ ಬೇರೆಯೇ ಸಂಗತಿ. ತೆರಿಗೆ ವಿನಾಯಿತಿ ಇರುವ ಟ್ರಸ್ಟು ಭಾರತದ ಹೊರಗೆ ಖರ್ಚು ಮಾಡಿದರೆ, ನೇರ ತೆರಿಗೆ ಮಂಡಳಿಯ ಅನುಮತಿ ಇಲ್ಲದೆ ಆ ಖರ್ಚಿಗೆ ವಿನಾಯಿತಿ ಸಿಗುವುದಿಲ್ಲ. ಮೊದಲು ಸಿಎ ಹತ್ತಿರ ಕೂತು ಮಾತಾಡಿ.

ಎಷ್ಟು ಕಳಿಸಬೇಕು ಅನ್ನುವುದನ್ನು ಒಮ್ಮೆ ನಿರ್ಧಾರ ಮಾಡಿ ಮರೆಯುವುದೂ ಸರಿಯಲ್ಲ. 2023ರ ನವೆಂಬರ್‌ನಲ್ಲಿ ಮಲಾವಿಯ ರಿಸರ್ವ್ ಬ್ಯಾಂಕು ಅಲ್ಲಿನ ಕ್ವಾಚಾ ನಾಣ್ಯವನ್ನು ಡಾಲರ್ ಎದುರು ಶೇ 44ರಷ್ಟು ಅಪಮೌಲ್ಯ ಮಾಡಿತು. ಎಣ್ಣೆ, ಸಕ್ಕರೆ, ಪೆಟ್ರೋಲು ಎಲ್ಲ ಏರಿತು. ತಂಗಿಗೆ ಆಸ್ಪತ್ರೆಯಿಂದ ಸಿಗುವ ಭತ್ಯೆ ಕ್ವಾಚಾದಲ್ಲೇ ಇದ್ದದ್ದರಿಂದ ಅದು ಕೈಗೆ ಬರುವಷ್ಟರಲ್ಲೇ ಕರಗುತ್ತಿತ್ತು. ಅವಳು ಬಾಯಿಬಿಟ್ಟು ಹೇಳುವವಳಲ್ಲ. ಮಿಷನರಿಗಳು ಯಾರೂ ಹೇಳುವುದಿಲ್ಲ, ಹೇಳಿದರೆ ವಿಶ್ವಾಸ ಕಡಿಮೆ ಅಂದುಕೊಳ್ಳುತ್ತಾರೆ ಅನ್ನೋ ಭಯ. ಹಾಗಾಗಿ ಆ ದೇಶದ ಬೆಲೆಗಳ ಮೇಲೆ ಕಣ್ಣಿಡುವ ಒಬ್ಬರು ಕಮಿಟಿಯಲ್ಲಿ ಇರಬೇಕು.

ಕಾಗದ ಪತ್ರದ ಕೆಲಸವನ್ನು ಹೊರಡುವ ಮುಂಚೆಯೇ ಮುಗಿಸಬೇಕು. ಊರಲ್ಲಿ ಹೊಲ, ಮನೆ ಇದ್ದರೆ ನಂಬಿಕಸ್ಥರಿಗೆ ಮುಖ್ತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ಮಾಡಿಕೊಟ್ಟು ಹೋಗಿ. ಅಲ್ಲಿಂದ ಮಾಡಿ ಕಳಿಸಲೂ ಬರುತ್ತದೆ, ಆದರೆ ಅಲ್ಲಿ ದೃಢೀಕರಣ ಆಗಬೇಕು, ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು, ಸುಮ್ನೆ ಗೋಳು. ಉಳಿತಾಯ ಖಾತೆಯನ್ನು ಅನಿವಾಸಿ ಭಾರತೀಯರಿಗೆ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಪಿಪಿಎಫ್ ಬೇಕಾದರೆ ಈಗಲೇ ತೆರೆಯಿರಿ. ಅನಿವಾಸಿ ಆದ ಮೇಲೆ ಹೊಸದು ತೆರೆಯಲು ಬಿಡುವುದಿಲ್ಲ, ಇರುವುದನ್ನು ಅವಧಿ ಮುಗಿಯುವವರೆಗೆ ನಡೆಸಬಹುದು. ವೀಸಾ ಯಾವ ಕೆಲಸಕ್ಕೆ ಕೊಟ್ಟಿದ್ದಾರೋ ಆ ಕೆಲಸ ಮಾತ್ರ. ಟೂರಿಸ್ಟ್ ವೀಸಾದಲ್ಲಿ ಹೋಗಿ ಸೇವೆ ಮಾಡಿ ಬಂದೆ ಅಂತ ಸಾಕ್ಷಿ ಹೇಳುವವರನ್ನು ಕಂಡರೆ ನನಗೆ ಸಿಟ್ಟು. ಇವರು ವಿಮಾನ ಹತ್ತಿ ಬರುತ್ತಾರೆ, ಪೊಲೀಸರಿಗೆ ಉತ್ತರ ಕೊಡುವುದು ಅಲ್ಲಿನ ಬಡ ಸಭೆ.

ಅಲ್ಲೇ ಮಗು ಹುಟ್ಟಿದರೆ ಒಂದು ವರ್ಷದೊಳಗೆ ಭಾರತದ ರಾಯಭಾರ ಕಚೇರಿಯಲ್ಲಿ ನೋಂದಾಯಿಸಲೇಬೇಕು. ತಡ ಮಾಡಿದರೆ ಪೌರತ್ವಕ್ಕೇ ತೊಡಕು. ಮಲಾವಿಗಾದರೆ ಲಿಲಾಂಗ್ವೆಯಲ್ಲಿ ಭಾರತದ ಹೈಕಮಿಷನ್ ಇದೆ. ಹೋದ ಕೂಡಲೇ ಅಲ್ಲಿ ಹೆಸರು ಬರೆಸುವುದು ಒಳ್ಳೆಯದು.

ಆರೋಗ್ಯದ ವಿಷಯದಲ್ಲಿ ಎಲ್ಲರೂ ಹಳದಿ ಜ್ವರದ ಲಸಿಕೆಯನ್ನು ಕೇಳುತ್ತಾರೆ. ಅದನ್ನು ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲೇ ಹಾಕಿಸಬೇಕು, ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ. ಒಮ್ಮೆ ಹಾಕಿಸಿದರೆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಆ ಜ್ವರ ಇರುವ ದೇಶದಿಂದ ಪ್ರಮಾಣಪತ್ರ ಇಲ್ಲದೆ ಬಂದರೆ ಇಲ್ಲಿ ಆರು ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಆದರೆ ನನಗೆ ಅದಕ್ಕಿಂತ ಜಾಸ್ತಿ ಭಯ ಮಲೇರಿಯಾದ್ದು. ತಂಗಿಯ ಗಂಡ ರಜೆಗೆ ಬಂದಾಗ ಚಳಿ ಜ್ವರ ಬಂತು. ದವಾಖಾನೆಯಲ್ಲಿ ವೈರಲ್ ಅಂತ ಹೇಳಿ ಪ್ಯಾರಾಸಿಟಮಾಲ್ ಬರೆದು ಕಳಿಸುವವರಿದ್ದರು. ತಂಗಿ ಬಾಗಿಲಲ್ಲೇ ನಿಂತು, "ಸರ್, ಇವ್ರು ಆಫ್ರಿಕಾದಿಂದ ಬಂದು ಎರಡು ವಾರ ಆಗಿಲ್ಲ. ಇವತ್ತ ರಕ್ತ ತಪಾಸಣೆ ಮಾಡಸ್ರಿ, ನಾಳೆ ಅಂದ್ರ ಆಗೂದಿಲ್ಲ" ಅಂದಳು. ಫಾಲ್ಸಿಪಾರಂ ಮಲೇರಿಯಾ ಬಂತು. ಅದು ಒಂದೆರಡು ದಿನದಲ್ಲೇ ಮಿದುಳಿಗೆ, ಕಿಡ್ನಿಗೆ ಏರಬಹುದಾದ ಜಾತಿ. ನಮ್ಮ ಡಾಕ್ಟರುಗಳಿಗೆ ಅದು ತಕ್ಷಣ ಹೊಳೆಯದಿರಬಹುದು, ಆದ್ದರಿಂದ ಎಲ್ಲಿಂದ ಬಂದಿದ್ದು ಅಂತ ನಾವೇ ಮೊದಲು ಹೇಳಬೇಕು. ಊರಿಗೆ ಬಂದು ಕೆಲವು ವಾರ ಆದ ಮೇಲೂ ಜ್ವರ ಬರಬಹುದು.

ಇನ್ನು ಧೈರ್ಯ ತುಂಬುವ ವಿಷಯ. ಬೆಳಿಗ್ಗೆ ವಾಟ್ಸಾಪಿನಲ್ಲಿ ಬೈಬಲ್ ವಾಕ್ಯದ ಚಿತ್ರ ಕಳಿಸಿದರೆ ಧೈರ್ಯ ತುಂಬಿದಂತೆ ಆಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಬೈಬಲಿನಲ್ಲಿ ಅಪೊಸ್ತಲ ಪೌಲ ಸೆರೆಮನೆಯಿಂದ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಪತ್ರದ ಕೊನೆ ನೋಡಿ. ತ್ರೋವದಲ್ಲಿ ಕರ್ಪನ ಹತ್ತಿರ ಬಿಟ್ಟು ಬಂದ ಮೇಲಂಗಿ ತಗೊಂಡು ಬಾ, ಪುಸ್ತಕಗಳನ್ನು ತಾ, ಚಳಿಗಾಲಕ್ಕೆ ಮುಂಚೆ ಬಾ ಅಂತ ಕೇಳುತ್ತಾನೆ. ಅಪೊಸ್ತಲನಿಗೂ ಚಳಿ ಆಗುತ್ತಿತ್ತು. ನನ್ನ ತಂಗಿಗೆ ಬೇಕಾದದ್ದು ಗುರೆಳ್ಳು ಚಟ್ನಿ. ಅಲ್ಲಿ ಮೂರು ಹೊತ್ತೂ ಮೆಕ್ಕೆಜೋಳದ ಮುದ್ದೆ, ಅವರು ಅದಕ್ಕೆ ಎನ್ಸಿಮಾ ಅನ್ನುತ್ತಾರೆ. ಅದರ ಜೊತೆ ನಮ್ಮ ಚಟ್ನಿ ಚೆಂದ ಹೊಂದುತ್ತದಂತೆ. ಯಾರಾದರೂ ಆ ಕಡೆ ಹೊರಟರೆ ಗುರೆಳ್ಳು, ಶೇಂಗಾ ಚಟ್ನಿ, ಕಡಕ್ ರೊಟ್ಟಿ, ಅಮೀನಗಡದ ಕರದಂಟು ಕಟ್ಟಿಕೊಡುತ್ತೇವೆ. ಚಟ್ನಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸೀಲ್ ಮಾಡಿಸಿ, ಮೇಲೆ ಹೆಸರು ಬರೆದು ಕಳಿಸಿ. ಕಸ್ಟಮ್ಸ್‌ನವರಿಗೆ ಹೆಸರಿಲ್ಲದ ಕರಿ ಪುಡಿ ಕಂಡರೆ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ.

ಫೋನ್ ಮಾಡಿದರೆ "ಎಷ್ಟು ಜನ ಯೇಸುನ್ನ ನಂಬಿದ್ರು?" ಅಂತ ಕೇಳಬೇಡಿ. ನರ್ಸಿಗೆ ಕೇಳುವ ಪ್ರಶ್ನೆಯೇ ಅದು? ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ತಾಸು ಹಿಂದೆ, ಹಾಗಾಗಿ ನಮ್ಮ ರಾತ್ರಿ ಊಟ ಆದ ಮೇಲೆ ಮಾಡಿದರೆ ಅವಳು ಆಗಷ್ಟೇ ಡ್ಯೂಟಿ ಮುಗಿಸಿರುತ್ತಾಳೆ. "ಅಕ್ಕಾ, ಇವತ್ತ ಏನ್ ಪಲ್ಯ ಮಾಡಿದಿ?" ಅಂತ ಶುರುಮಾಡುತ್ತಾಳೆ. ಬದನೆಕಾಯಿ, ಮಗ್ಗದ ಕರೆಂಟು, ಚಿಗವ್ವನ ಮೊಣಕಾಲು. ಎಷ್ಟೋ ಹೊತ್ತಾದ ಮೇಲೆ ಅವತ್ತು ವಾರ್ಡಿನಲ್ಲಿ ತೀರಿಕೊಂಡ ಮಗುವಿನ ಮಾತು ಬರುತ್ತದೆ. ಅಲ್ಲಿಯವರೆಗೆ ಕಾಯುವ ತಾಳ್ಮೆ ಇರುವ ಒಬ್ಬರಾದರೂ ಪ್ರತಿ ಮಿಷನರಿಗೆ ಇರಬೇಕು. ಹಾಂ, ಕ್ರೈಸ್ತ ಸೇವೆಗೆ ತೊಂದರೆ ಇರುವ ದೇಶಗಳಲ್ಲಿ ಇರುವವರ ಫೋಟೋ, ಊರಿನ ಹೆಸರನ್ನು ಅವರನ್ನು ಕೇಳದೆ ಇಲ್ಲಿ ಹಾಕಬೇಡಿ. ನಿಮ್ಮ ಲೈಕಿಗಿಂತ ಅವರ ಜೀವ ದೊಡ್ಡದು.

ಮಕ್ಕಳ ಬಗ್ಗೆ ಒಂದು ಮಾತು. ಬಾಸೆಲ್ ಮಿಷನ್‌ನವರು ಇಲ್ಲಿ ಹುಟ್ಟಿದ ತಮ್ಮ ಮಕ್ಕಳನ್ನು ಶಾಲೆಯ ವಯಸ್ಸಿಗೆ ಬಂದ ಕೂಡಲೇ ಬಾಸೆಲ್‌ನ ಮಕ್ಕಳ ಮನೆಗೆ ಕಳಿಸುತ್ತಿದ್ದರು. ಎಷ್ಟೋ ಮಕ್ಕಳು ವರ್ಷಗಟ್ಟಲೆ ತಂದೆತಾಯಿಯ ಮುಖ ನೋಡಲಿಲ್ಲ. ಅದನ್ನು ತ್ಯಾಗ ಅಂತ ಹೊಗಳುವುದು ನನಗೆ ಸಾಧ್ಯವಿಲ್ಲ. ಈಗ ಆನ್‌ಲೈನ್ ಪಾಠ ಇದೆ, ಎನ್‌ಐಒಎಸ್‌ನಂಥ ಮುಕ್ತ ಶಾಲೆ ಇದೆ. ಸಂಡೇ ಸ್ಕೂಲ್ ಟೀಚರೊಬ್ಬರು ವಾರಕ್ಕೊಮ್ಮೆ ವಿಡಿಯೋದಲ್ಲಿ ಕನ್ನಡ ಓದಿಸಿದರೂ ಸಾಕು, ಊರಿಗೆ ಬಂದಾಗ ಅಜ್ಜಿಯ ಜೊತೆ ಮಾತಾಡಲು ಆ ಮಕ್ಕಳಿಗೆ ಬಾಯಿ ಇರುತ್ತದೆ.

ನಮ್ಮ ಕಮಿಟಿಯ ಮುಂದೆ ನಾನಿಟ್ಟ ಬೇಡಿಕೆ ಇಷ್ಟೇ. ಸಭೆಯ ಸುಗ್ಗಿ ಹಬ್ಬದಲ್ಲಿ ಕಾಣಿಕೆಗಳನ್ನು ಹರಾಜು ಹಾಕಿ ಬಂದ ಹಣದಲ್ಲಿ ಒಂದು ಪಾಲು ಇವರು ಮರಳಿ ಬರುವ ದಿನಕ್ಕೆ ಅಂತ ಬೇರೆ ಇಡಬೇಕು. ಮೊದಲ ಮೂರು ತಿಂಗಳ ಮನೆ ಬಾಡಿಗೆ, ಪೂರ್ತಿ ಆರೋಗ್ಯ ತಪಾಸಣೆ, ಮಕ್ಕಳ ಶಾಲೆಯ ಫೀಸು ಅದರಿಂದ ಹೋಗಬೇಕು. "ಬರೂದು ಇನ್ನೂ ದೂರ ಐತಿ, ಈಗ್ಯಾಕ ಅವಸರ?" ಅಂದರು ಒಬ್ಬ ಹಿರಿಯರು. "ಅಣ್ಣಾರ, ಕಾಂಪೌಂಡ್ ಗೋಡೆಗೆ ಹತ್ತು ವರ್ಷದಿಂದ ಕೂಡಿಸಾಕತ್ತೇವಲ್ರಿ, ಇದಕ್ಕೂ ಈಗಿಂದ ಶುರು ಮಾಡೂಣು" ಅಂದೆ. ವಿಷಯ ಮುಂದಿನ ಮೀಟಿಂಗಿಗೆ ಹೋಗಿದೆ. ಅಲ್ಲಿಯವರೆಗೆ ಹೆಂಗಸರ ಸಂಘದಲ್ಲಿ ನಾವೇ ಒಂದು ಡಬ್ಬಿ ಇಟ್ಟಿದ್ದೇವೆ. ಇಳಕಲ್ಲು, ವಿಜಯಪುರ, ಬೆಳಗಾವಿ ಸಭೆಗಳಲ್ಲಿ ಇಂಥ ವ್ಯವಸ್ಥೆ ಈಗಾಗಲೇ ನಡೆಸುತ್ತಿರುವವರು ಇದ್ದರೆ ಲೆಕ್ಕ ಹೇಗೆ ಇಡುತ್ತೀರಿ ಅಂತ ತಿಳಿಸಿ.