'ಲಾಭವಿಲ್ಲ' ಎಂಬ ಸಾಲು ಯಾರನ್ನೂ ಕಾಯುವುದಿಲ್ಲ

ಈಗಷ್ಟೇ ಇನ್ನೊಂದು ಫ್ಯಾನ್ ಫಿಲ್ಮಿನ (ಮೆಚ್ಚಿನ ಸರಣಿಯ ಪಾತ್ರಗಳನ್ನಿಟ್ಟು ಅಭಿಮಾನಿಗಳೇ ಮಾಡುವ ಚಿತ್ರ) ಕ್ರೌಡ್‌ಫಂಡಿಂಗ್ ಪೋಸ್ಟರ್, ಅಂದರೆ ಜನರಿಂದ ಹಣ ಎತ್ತುವ ಪೋಸ್ಟರ್, ಕಣ್ಣಿಗೆ ಬಿತ್ತು. ಹೆಸರಾಂತ ವಿದೇಶಿ ಸರಣಿಯ ಪಾತ್ರ, ಅದೇ ವೇಷ, ಅದೇ ಲೋಗೊ, ಪಕ್ಕದಲ್ಲಿ ಕ್ಯೂಆರ್ ಕೋಡ್. ಕೆಳಗೆ ಕಂಡೂ ಕಾಣದಂಥ ಸಣ್ಣಕ್ಷರದಲ್ಲಿ: "ಲಾಭದ ಉದ್ದೇಶವಿಲ್ಲ. ಎಲ್ಲ ಹಕ್ಕುಗಳೂ ಮೂಲ ಮಾಲೀಕರವು." ಓದಿ ಮೈ ಉರಿಯಿತು. ಹಕ್ಕು ಬೇರೆಯವರದು ಅಂತ ನೀವೇ ಬರೆದುಕೊಂಡಿದ್ದೀರಿ. ಆ ಬೇರೆಯವರನ್ನು ಕೇಳಿದ್ದೀರಾ? ಅದರ ಬಗ್ಗೆ ಒಂದಕ್ಷರವೂ ಇಲ್ಲ.

ನನಗೆ ಫ್ಯಾನ್ ಫಿಲ್ಮ್ ಎಂದರೆ ಎಷ್ಟು ಇಷ್ಟ ಅಂತ ಇಲ್ಲಿರುವ ನಿಮಗೆಲ್ಲ ಗೊತ್ತು. ಇಷ್ಟ ಇರುವುದಕ್ಕೇ ಇಷ್ಟು ಸಿಟ್ಟು. ಸ್ವಂತ ದುಡ್ಡಲ್ಲಿ, ರಜೆಯ ದಿನ, ಗೆಳೆಯರನ್ನು ಸೇರಿಸಿಕೊಂಡು ಮಾಡಿದರೆ ಕಂಪನಿಗಳು ಸಾಮಾನ್ಯವಾಗಿ ನೋಡಿಯೂ ಸುಮ್ಮನಿರುತ್ತವೆ. ಊರವರ ಹತ್ತಿರ ದುಡ್ಡು ಎತ್ತಲು ಶುರು ಮಾಡಿದ ದಿನ ಲೆಕ್ಕವೇ ಬದಲಾಗುತ್ತದೆ. ಕೊನೆಗೆ ಪೆಟ್ಟು ಬೀಳುವುದು ನಿರ್ದೇಶಕರೊಬ್ಬರ ಮೇಲೆ ಮಾತ್ರ ಅಲ್ಲ, ಐನೂರೋ ಸಾವಿರವೋ ಕೊಟ್ಟವರ ಮೇಲೂ ಬೀಳುತ್ತದೆ.

ಇದನ್ನು ಅಳೆದು ನೋಡಲು 'ಆಕ್ಸನಾರ್' ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಅಮೆರಿಕದ ಬಾಹ್ಯಾಕಾಶ ಸರಣಿ 'ಸ್ಟಾರ್ ಟ್ರೆಕ್'ನ ಲೋಕದಲ್ಲಿ, ಮೂಲ ಸರಣಿಗಿಂತ ಮುಂಚೆ ನಡೆದ ಯುದ್ಧವೊಂದರ ಕಥೆ ಹೇಳಹೊರಟ ಫ್ಯಾನ್ ಫಿಲ್ಮ್ ಅದು. 2014ರಲ್ಲಿ ಮೊದಲು ಕಿಕ್‌ಸ್ಟಾರ್ಟರ್ ಎಂಬ ಹಣ ಎತ್ತುವ ಜಾಲತಾಣದಲ್ಲಿ ಸುಮಾರು 1 ಲಕ್ಷ ಡಾಲರ್ ಎತ್ತಿ 'ಪ್ರಿಲ್ಯೂಡ್' ಎಂಬ 21 ನಿಮಿಷದ ಮುನ್ನುಡಿ ಚಿತ್ರ ಮಾಡಿದರು. ಅದು ನಿಜಕ್ಕೂ ಚೆಂದದ ಕೆಲಸ, ಇವತ್ತು ಯೂಟ್ಯೂಬಿನಲ್ಲಿ ನೋಡಿದರೂ ಬೆರಗಾಗುತ್ತದೆ. ಅದನ್ನು ತೋರಿಸಿ ಅದೇ ವರ್ಷ ಪೂರ್ಣ ಚಿತ್ರಕ್ಕೆ ಮತ್ತೆ 6.38 ಲಕ್ಷ ಡಾಲರ್, ಮರುವರ್ಷ ಅಂಥದ್ದೇ ಇನ್ನೊಂದು ತಾಣವಾದ ಇಂಡಿಗೊಗೊದಲ್ಲಿ 5.74 ಲಕ್ಷ ಡಾಲರ್. ಕ್ಯಾಲಿಫೋರ್ನಿಯಾದ ವೆಲೆನ್ಸಿಯಾದಲ್ಲಿ ಗೋದಾಮು ಬಾಡಿಗೆಗೆ ಹಿಡಿದು ಸ್ಟುಡಿಯೊ ಕಟ್ಟಲು ಹೊರಟರು. 2015ರ ಡಿಸೆಂಬರ್ 29ರಂದು 'ಸ್ಟಾರ್ ಟ್ರೆಕ್' ಹಕ್ಕುಗಳ ಮಾಲೀಕ ಕಂಪನಿಗಳಾದ ಪ್ಯಾರಮೌಂಟ್ ಮತ್ತು ಸಿಬಿಎಸ್ ಲಾಸ್ ಏಂಜಲೀಸ್‌ನ ಫೆಡರಲ್ ಕೋರ್ಟಿಗೆ ಹೋದವು. ಅಮೆರಿಕದ ಕಾನೂನಿನಲ್ಲಿ ಬೇಕೆಂದೇ ಮಾಡಿದ ಉಲ್ಲಂಘನೆಗೆ ಪ್ರತಿಯೊಂದು ಕೃತಿಗೆ 1.5 ಲಕ್ಷ ಡಾಲರ್ ತನಕ ಪರಿಹಾರ ಹಾಕಬಹುದು. ಅದು ಒಂದು ಕೃತಿಯ ಲೆಕ್ಕ. ಒಂದು ಸರಣಿಯಲ್ಲಿ ಎಷ್ಟು ಕಂತುಗಳಿರುತ್ತವೆ ಅಂತ ಯೋಚಿಸಿ ನೋಡಿ.

2017ರ ಜನವರಿ 3ರಂದು ನ್ಯಾಯಾಧೀಶ ಗ್ಯಾರಿ ಕ್ಲೌಸ್ನರ್ ಕೊಟ್ಟ ಆದೇಶವನ್ನು ಫ್ಯಾನ್ ಫಿಲ್ಮ್ ಮಾಡುವ ಪ್ರತಿಯೊಬ್ಬರೂ ಓದಬೇಕು. 'ಫೇರ್ ಯೂಸ್', ಅಂದರೆ ಅನುಮತಿ ಇಲ್ಲದೆಯೂ ಮಾಡಬಹುದಾದ ನ್ಯಾಯಯುತ ಬಳಕೆ ಎಂಬ ವಾದವನ್ನು ಅವರು ಪೂರ್ತಿ ತಳ್ಳಿಹಾಕಿದರು. ಯಾಕೆ ಅನ್ನುವುದೇ ಇಲ್ಲಿ ಮುಖ್ಯ. ಚಿತ್ರ ಉಚಿತವಾಗಿ ತೋರಿಸುತ್ತೇವೆ, ಹಾಗಾಗಿ ವ್ಯಾಪಾರವಲ್ಲ ಎಂಬುದು ತಂಡದ ವಾದ. ಉಚಿತ ಎಂದ ಮಾತ್ರಕ್ಕೆ ಪ್ರಯೋಜನ ಇಲ್ಲವೆಂದಲ್ಲ, 'ಪ್ರಿಲ್ಯೂಡ್' ಜನಪ್ರಿಯತೆ ಬಳಸಿ ಎತ್ತಿದ ಹಣವೇ ಪರೋಕ್ಷ ಲಾಭ ಎಂದು ಕೋರ್ಟ್ ಹೇಳಿತು. ಇನ್ನೊಮ್ಮೆ ಓದಿ. ಟಿಕೆಟ್ ಮಾರದಿದ್ದರೂ, ಜಾಹೀರಾತು ಹಾಕದಿದ್ದರೂ, ಕ್ರೌಡ್‌ಫಂಡಿಂಗ್ ಮಾಡಿದ್ದೇ ಅವರ ವಿರುದ್ಧದ ಸಾಕ್ಷಿಯಾಯಿತು. 'ಲಾಭದ ಉದ್ದೇಶವಿಲ್ಲ' ಎಂಬ ಆ ಸಾಲಿಗೆ ಇದಕ್ಕಿಂತ ನೇರ ಉತ್ತರ ಬೇಕೆ?

ಇನ್ನೊಂದು ಅಂಶ ಓದುವಾಗ ಹೊಟ್ಟೆ ಕಿವುಚಿದಂತಾಗುತ್ತದೆ. ಅಭಿಮಾನಿಗಳು ಯಾವುದನ್ನು ಹೆಮ್ಮೆ ಎಂದುಕೊಂಡಿದ್ದರೋ ಅದೇ ಅವರಿಗೆ ಮುಳುವಾಯಿತು. ಸಮವಸ್ತ್ರದ ಹೊಲಿಗೆ, ಹಡಗಿನ ವಿನ್ಯಾಸ, ಸರಣಿಯ ಅನ್ಯಗ್ರಹದವರಾದ ವಲ್ಕನ್ನರ ಚೂಪು ಕಿವಿ, ಕ್ಲಿಂಗಾನರ ಹಣೆ, ಎಲ್ಲವೂ ಮೂಲದ ಹಾಗೇ ಇರಬೇಕು ಎಂದು ಹಟ ಹಿಡಿದಿದ್ದರು. ಅಣಕವಿಲ್ಲ, ವಿಮರ್ಶೆಯಿಲ್ಲ, ಮೂಲಕ್ಕೆ ನಿಷ್ಠವಾದ ಹೊಸ 'ಸ್ಟಾರ್ ಟ್ರೆಕ್' ಚಿತ್ರವೇ ನಿಮ್ಮ ಗುರಿ, ಹಾಗಾದರೆ ಮೂಲವನ್ನು ಬೇರೊಂದಾಗಿ ಮಾರ್ಪಡಿಸಿದ್ದು ಎಲ್ಲಿ ಎಂಬುದು ಕೋರ್ಟಿನ ತರ್ಕ. ಮೇಲಾಗಿ ಮೂಲ ಸರಣಿಗಿಂತ ಮುಂಚಿನ ಕಥೆ ಮಾಡುವ ಹಕ್ಕು ಮಾಲೀಕರದು, ಆ ಮಾರುಕಟ್ಟೆಯೂ ಅವರದು. ತೀರ್ಪುಗಾರರ ಮುಂದೆ ವಿಚಾರಣೆ ಶುರುವಾಗುವ ಮೊದಲು, ಜನವರಿ 20ಕ್ಕೆ ರಾಜಿಯಾಯಿತು. ಪೂರ್ಣ ಚಿತ್ರದ ಜಾಗದಲ್ಲಿ 15 ನಿಮಿಷದ ಎರಡು ಭಾಗ, ಯೂಟ್ಯೂಬಿನಲ್ಲಿ ಜಾಹೀರಾತು ಇಲ್ಲದೆ, ಸಾರ್ವಜನಿಕ ಕ್ರೌಡ್‌ಫಂಡಿಂಗ್ ಇಲ್ಲದೆ. ಹನ್ನೆರಡು ಲಕ್ಷ ಡಾಲರ್ ಕೊಟ್ಟವರಿಗೆ ಹೇಳಿದ್ದ ಚಿತ್ರ ಬರಲೇ ಇಲ್ಲ.

ಈ ಗಲಾಟೆಯ ನಡುವೆಯೇ, 2016ರ ಜೂನ್‌ನಲ್ಲಿ, ಎರಡೂ ಕಂಪನಿಗಳು ಫ್ಯಾನ್ ಫಿಲ್ಮ್ ನಿಯಮ ಹೊರಡಿಸಿದವು. ಒಂದು ಕಥೆ 15 ನಿಮಿಷ ಮೀರಬಾರದು, ಎರಡು ಭಾಗ ಮಾಡಿದರೆ ಒಟ್ಟು 30. ಶೀರ್ಷಿಕೆಯಲ್ಲಿ 'ಸ್ಟಾರ್ ಟ್ರೆಕ್' ಹೆಸರು ಕೂಡದು. ಹಣ ಎತ್ತಿದರೆ 50,000 ಡಾಲರ್ ಮಿತಿ, ವೇದಿಕೆಯ ಶುಲ್ಕವೂ ಅದರೊಳಗೇ. ನಟರಿಗೆ, ತಂತ್ರಜ್ಞರಿಗೆ ಸಂಭಾವನೆ ಇಲ್ಲ. ಮೂಲ ಸರಣಿಯಲ್ಲಿ ಕೆಲಸ ಮಾಡಿದವರನ್ನು ಸೇರಿಸಿಕೊಳ್ಳುವಂತಿಲ್ಲ. ಡಿವಿಡಿ ಇಲ್ಲ. ಅಂಗಡಿಯಲ್ಲಿ ಸಿಗುವ ಸಮವಸ್ತ್ರ, ಆಟಿಕೆ ಬಳಸಿದರೆ ಅಧಿಕೃತವಾದದ್ದನ್ನೇ ಬಳಸಬೇಕು. ಈ ನಿಯಮ ಬಿಗಿ, ನನಗೂ ಬೇಸರ ತರಿಸುತ್ತದೆ. ವರ್ಷಗಟ್ಟಲೆ ನಡೆದ ಒಳ್ಳೆಯ ಅಭಿಮಾನಿ ಸರಣಿಗಳು ಇದರಿಂದ ನಿಂತವು. 'ರೆನೆಗೇಡ್ಸ್' ಎಂಬ ಅಭಿಮಾನಿ ಸರಣಿಯ ತಂಡ ಮೂಲದ ಗುರುತುಗಳನ್ನೆಲ್ಲ ಕಿತ್ತು ತನ್ನದೇ ಕಥೆಯಾಗಿ ಮುಂದುವರಿಯಿತು. ಇನ್ನೊಂದು ತಂಡ ನ್ಯೂಯಾರ್ಕ್ ರಾಜ್ಯದ ಟಿಕಾಂಡೆರೋಗಾದಲ್ಲಿ ತಾನು ಕಟ್ಟಿದ್ದ ಸೆಟ್ಟಿಗೆ ಪರವಾನಗಿ ಪಡೆದು ಪ್ರವಾಸಿಗರಿಗೆ ತೆರೆಯಿತು. ಕೇಳಿದವರಿಗೆ ದಾರಿ ಸಿಕ್ಕಿತು, ಅಷ್ಟೇ ನಾನು ಹೇಳುವುದು.

ಕಾಮೆಂಟಿನಲ್ಲಿ ಈಗ ಬರುವ ವಾದ ನನಗೆ ಗೊತ್ತು. "ಅಭಿಮಾನಿಗಳಿಂದಲೇ ಈ ಸರಣಿಗಳು ಬದುಕಿದ್ದು. ಇಷ್ಟು ವರ್ಷ ಸುಮ್ಮನಿದ್ದು ಈಗ ಕೇಸು ಹಾಕುವುದು ಯಾವ ನ್ಯಾಯ?" ಮೊದಲ ಮಾತು ನಿಜ, ಒಪ್ಪುತ್ತೇನೆ. ಎರಡನೆಯದರಲ್ಲಿ ಹುರುಳಿಲ್ಲ. ಟ್ರೇಡ್‌ಮಾರ್ಕ್ (ಹೆಸರು, ಲೋಗೊ ಮೇಲಿನ ಹಕ್ಕು) ಕಾಯ್ದುಕೊಳ್ಳದಿದ್ದರೆ ದುರ್ಬಲವಾಗಬಹುದು, ಕಾಪಿರೈಟ್ (ಕೃತಿಯ ಮೇಲಿನ ಹಕ್ಕು) ಹಾಗಲ್ಲ. ನಿನ್ನೆ ಹತ್ತು ಜನರನ್ನು ಬಿಟ್ಟಿದ್ದರೆ ಇವತ್ತು ಹನ್ನೊಂದನೆಯವರನ್ನು ಹಿಡಿಯುವ ಹಕ್ಕು ಹೋಗುವುದಿಲ್ಲ. ತಡಮಾಡಿದಿರಿ ಎಂಬ ಕಾರಣಕ್ಕೆ, ಕಾನೂನು ಕೊಟ್ಟ ಮೂರು ವರ್ಷದ ಅವಧಿಯೊಳಗಿನ ಪರಿಹಾರದ ದಾವೆಯನ್ನು ತಳ್ಳಿಹಾಕುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2014ರ ಪೆಟ್ರೆಲ್ಲಾ ಪ್ರಕರಣದಲ್ಲಿ ಹೇಳಿದೆ. ಸುಮ್ಮನಿದ್ದದ್ದು ಅನುಮತಿಯಲ್ಲ. ಪಕ್ಕದ ಮನೆಯವರು ತಮ್ಮ ಅಂಗಳದಲ್ಲಿ ಮಕ್ಕಳಿಗೆ ಆಡಲು ಬಿಟ್ಟರೆ, ಅಲ್ಲೇ ಪೆಂಡಾಲ್ ಹಾಕಿ ಚಂದಾ ಎತ್ತಲು ಒಪ್ಪಿದರು ಎಂದಾಗುವುದಿಲ್ಲ.

ಸ್ವಂತ ದುಡ್ಡು ಹಾಕಿದರೂ ಸಂಗೀತದಲ್ಲಿ ಸಿಕ್ಕಿಬೀಳುವವರಿದ್ದಾರೆ. 2018ರ ಡಿಸೆಂಬರಿನಲ್ಲಿ ಬಂದ, 'ಸ್ಟಾರ್ ವಾರ್ಸ್' ಖಳನಾಯಕ ಡಾರ್ತ್ ವೇಡರ್ ಕುರಿತ ಫ್ಯಾನ್ ಫಿಲ್ಮಿನಲ್ಲಿ ಸಂಗೀತವನ್ನು ಹೊಸದಾಗಿ ಮಾಡಿಸಿದ್ದರು. ಆದರೂ ಅದರೊಳಗೆ ಮೂಲ ಧಾಟಿ ಇದೆ ಎಂದು ಸಂಗೀತ ಕಂಪನಿ ಯೂಟ್ಯೂಬಿನಲ್ಲಿ ಕಾಪಿರೈಟ್ ಕ್ಲೈಮ್ ಹಾಕಿತು. ದೊಡ್ಡ ಗದ್ದಲವಾದ ಮೇಲೆ ಹಿಂತೆಗೆದುಕೊಂಡಿತು. ಹೊಸದಾಗಿ ನುಡಿಸಿದರೆ ಧ್ವನಿಮುದ್ರಣದ ಹಕ್ಕಿನಿಂದ ತಪ್ಪಿಸಿಕೊಳ್ಳಬಹುದು, ರಾಗ ಸಂಯೋಜನೆಯ ಹಕ್ಕಿನಿಂದ ಆಗುವುದಿಲ್ಲ. ಎರಡೂ ಬೇರೆ ಬೇರೆ.

ನಮ್ಮಲ್ಲಿ ಇನ್ನೂ ಕಷ್ಟ. ಅಮೆರಿಕದ ಫೇರ್ ಯೂಸ್ ನಾಲ್ಕು ಅಂಶಗಳನ್ನು ತೂಗಿ ನೋಡುವಂಥದ್ದು, ವಾದಕ್ಕೆ ಜಾಗವಿದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂ ಪಟ್ಟಿ ಕೊಟ್ಟುಬಿಡುತ್ತದೆ: ಖಾಸಗಿ ಬಳಕೆ ಮತ್ತು ಸಂಶೋಧನೆ, ವಿಮರ್ಶೆ, ಪ್ರಚಲಿತ ಘಟನೆಗಳ ವರದಿ, ಆಮೇಲೆ ಶಿಕ್ಷಣದಂಥ ನಿರ್ದಿಷ್ಟ ವಿನಾಯಿತಿಗಳು. 'ಅಭಿಮಾನದಿಂದ ಮಾಡಿದ್ದು' ಎಂಬ ಸಾಲು ಅದರಲ್ಲಿಲ್ಲ. ಪಾತ್ರಕ್ಕೆ ರಕ್ಷಣೆ ಇಲ್ಲ ಎನ್ನುವವರು 'ನಾಗರಾಜ್' ಕಾಮಿಕ್ಸ್ ಪಾತ್ರದ ಬಗ್ಗೆ 1996ರಲ್ಲಿ ದೆಹಲಿ ಹೈಕೋರ್ಟ್ ಹೇಳಿದ್ದನ್ನು ನೋಡಲಿ. 63ನೇ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷದ ತನಕ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ ಇದೆ. ವ್ಯಾಪಾರದ ಲಾಭಕ್ಕಲ್ಲದಿದ್ದರೆ ಕೋರ್ಟ್ ಶಿಕ್ಷೆ ಕಡಿಮೆ ಮಾಡಬಹುದು, ಅಷ್ಟೇ. ಅಪರಾಧವೇ ಅಲ್ಲ ಎಂದಾಗುವುದಿಲ್ಲ. ಗಾಂಧಿನಗರದಲ್ಲಿ ರೀಮೇಕ್ ಮಾಡುವವರು ಮೊದಲು ರೈಟ್ಸ್ ಪತ್ರ ಕೈಗೆ ತಗೊಂಡು ಆಮೇಲೆ ಮುಂದಿನ ಮಾತಾಡುತ್ತಾರೆ. ಕಿರುಚಿತ್ರ ಮಾಡುವ ಹುಡುಗರಿಗೆ ಈ ಮಾತು ಯಾರೂ ಹೇಳುವುದಿಲ್ಲವಲ್ಲ ಎನ್ನುವುದೇ ನನ್ನ ಸಂಕಟ.

ಕ್ರೌಡ್‌ಫಂಡಿಂಗ್ ಬೇಡ ಎನ್ನುತ್ತಿಲ್ಲ. 2013ರ 'ಲೂಸಿಯಾ'ಗೆ ಪವನ್ ಕುಮಾರ್ ಪ್ರೇಕ್ಷಕರಿಂದಲೇ ಸುಮಾರು 50 ಲಕ್ಷ ರೂಪಾಯಿ ಸೇರಿಸಿದರು. ಕಥೆ ಅವರದೇ ಆಗಿತ್ತು. ಹಾಗಾಗಿಯೇ ಅದು ಆಮೇಲೆ ತಮಿಳಿಗೆ ರೀಮೇಕ್ ಆಗಿ ಹೋಗಲು ಸಾಧ್ಯವಾಯಿತು.

ಹಣ ಎತ್ತಲು ಹೊರಟಿರುವವರು ಮೊದಲು ಕಂಪನಿ ಫ್ಯಾನ್ ಫಿಲ್ಮ್ ನಿಯಮ ಹಾಕಿದೆಯೇ ನೋಡಿ. ಇಲ್ಲದಿದ್ದರೆ ಕಥೆಯ ಸಾರಾಂಶ, ಅವಧಿ, ಬಜೆಟ್, ಎಲ್ಲಿ ತೋರಿಸುತ್ತೀರಿ ಎಂಬುದನ್ನು ಒಂದು ಪುಟದಲ್ಲಿ ಬರೆದು ಅವರ ಲೀಗಲ್ ವಿಭಾಗಕ್ಕೆ ಕಳಿಸಿ. 'ಹ್ಯಾರಿ ಪಾಟರ್' ಖಳನಾಯಕ ವೋಲ್ಡೆಮಾರ್ಟ್ ಕುರಿತ ಇಟಲಿಯ ಫ್ಯಾನ್ ಫಿಲ್ಮಿನ ಕಿಕ್‌ಸ್ಟಾರ್ಟರ್ ಅಭಿಯಾನವನ್ನು ಚಿತ್ರದ ಹಕ್ಕುಗಳುಳ್ಳ ವಾರ್ನರ್ ಬ್ರದರ್ಸ್ ನಿಲ್ಲಿಸಿತು. ಆಮೇಲೆ ಮಾತುಕತೆಯಾಗಿ, ಲಾಭವಿಲ್ಲದೆ ತೋರಿಸಲು ಬಿಟ್ಟಿತು. 2018ರಲ್ಲಿ ಅದು ಯೂಟ್ಯೂಬಿಗೆ ಬಂತು. ಮೊದಲೇ ಮಾತಾಡಿದರೆ ಆ ನಿಲುಗಡೆಯೇ ತಪ್ಪುತ್ತದೆ. ಉತ್ತರ ಬರಲಿಲ್ಲವೇ? ಹೆಸರು, ಲೋಗೊ, ವೇಷ, ಗುರುತಿಸಬಹುದಾದ ಪಾತ್ರ ಎಲ್ಲವನ್ನೂ ತೆಗೆದು ಮತ್ತೆ ಬರೆಯಿರಿ. ಉಳಿಯುವ ಕಥೆ ಗಟ್ಟಿಯಿದ್ದರೆ ಅದು ನಿಮ್ಮದೇ.

ನಿಮ್ಮ ತಂಡದೊಳಗೂ ಕಾಗದ ಬೇಕು. ಪುಕ್ಕಟೆ ಬರೆದುಕೊಟ್ಟ ಗೆಳೆಯನ ಚಿತ್ರಕಥೆ, ಸಂಗೀತ ನಿಮ್ಮದಾಗುವುದಿಲ್ಲ. ನಮ್ಮ ಕಾಪಿರೈಟ್ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕಿನ ಹಸ್ತಾಂತರ ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಯೂಟ್ಯೂಬಿಗೆ ಹಾಕುವ ಚಿತ್ರಕ್ಕೆ ಇದು ಸಾಲದು. ಬಹುಮಾನವಾಗಿ ಟೀ ಶರ್ಟ್, ಮಗ್, ಡಿವಿಡಿ ಕೊಡುತ್ತೇವೆ ಎನ್ನಬೇಡಿ, ಆ ಲೋಗೊ ಮುದ್ರಿಸುವುದು ಇನ್ನೊಂದು ಉಲ್ಲಂಘನೆ. ಹಣಕ್ಕೆ ಪ್ರತ್ಯೇಕ ಖಾತೆ ಇರಲಿ, ಅನುಮತಿ ಕೈಸೇರುವ ತನಕ ಅದರಿಂದ ಒಂದು ಪೈಸೆ ತೆಗೆಯಬೇಡಿ.

ಕೊಡುವವರಿಗೂ ಒಂದು ಮಾತು. ಪೋಸ್ಟರಿನ ಕೆಳಗೆ ಇಷ್ಟು ಕೇಳಿ: ಮಾಲೀಕರ ಲಿಖಿತ ಅನುಮತಿ ಇದೆಯೇ, ನೋಟಿಸ್ ಬಂದರೆ ನಮ್ಮ ದುಡ್ಡು ಎಷ್ಟು ದಿನದಲ್ಲಿ ವಾಪಸ್, ಈವರೆಗೆ ಖರ್ಚಾದದ್ದು ಯಾವುದಕ್ಕೆ? ಉತ್ತರ ಬರುವ ತನಕ ಯುಪಿಐ ಪಿನ್ ಒತ್ತಬೇಡಿ.