ತಕರಾರು ಇದ್ದವರು ಬಾಯಿ ಮುಚ್ಚಿಕೊಂಡಿರತಕ್ಕದ್ದು

ಊರೊಂದನ್ನು ಎತ್ತಂಗಡಿ ಮಾಡಲು ಲಾಠಿ, ಬುಲ್ಡೋಜರು, ಹತ್ತು ಜೀಪು ಪೊಲೀಸರು ಬೇಕು ಅಂದುಕೊಂಡವರು ಇನ್ನೂ ಕಲಿಯುವುದಿದೆ. ಕೆನಡಾದ ಲ್ಯಾಬ್ರಡಾರ್ ಕರಾವಳಿಯಲ್ಲಿ ಒಂದೇ ಒಂದು ಸಭೆ ಸಾಕಾಯಿತು. ಸಭೆಗೆ ಜಾಗ ಹುಡುಕುವುದರಲ್ಲೇ ಇದ್ದದ್ದು ಜಾಣತನ.

ಊರಿನ ಹೆಸರು ಹೆಬ್ರಾನ್. 1830ರ ದಶಕದ ಆರಂಭದಲ್ಲಿ ಮೊರೇವಿಯನ್ ಎಂಬ ಕ್ರೈಸ್ತ ಮಿಷನ್ನಿನವರು ಬಂದು ನೆಲೆಯೂರಿದ, ಉತ್ತರದ ಹಿಮಸೀಮೆಯ ಮೂಲನಿವಾಸಿಗಳಾದ ಇನ್ಯುಯಿಟರ ಹಳ್ಳಿ. ಸೀಲು, ಮೀನುಗಳ ಕಾಲ ನೋಡಿಕೊಂಡು ಜನ ಕಡಲಂಚಿನ ಬಿಡಾರಗಳಿಗೆ ಹೋಗುತ್ತಿದ್ದರು, ಹಬ್ಬಕ್ಕೆ ಚರ್ಚಿಗೆ ಮರಳುತ್ತಿದ್ದರು. 1959ರ ಏಪ್ರಿಲ್‌ನಲ್ಲಿ ಎಲ್ಲರನ್ನೂ ಆ ಚರ್ಚಿಗೇ ಕರೆದು ಊರು ಮುಚ್ಚುವ ತೀರ್ಮಾನ ತಿಳಿಸಲಾಯಿತು. ದೇವರ ಮನೆಯಲ್ಲಿ ಎದುರು ಮಾತಾಡಬಾರದು ಎಂದು ಅವರಿಗೆ ಕಲಿಸಿದ್ದು ಇದೇ ಮಿಷನ್ನು. ಅವರು ಮಾತಾಡಲಿಲ್ಲ. ಸರ್ಕಾರಕ್ಕೆ ಇದಕ್ಕಿಂತ ಸೊಗಸಾದ ಸರ್ವಾನುಮತ ಎಲ್ಲಿ ಸಿಕ್ಕೀತು?

ಕಾರಣಗಳೂ ಇದ್ದವು ಅನ್ನಿ. ಮೊದಲನೆಯದು ಸೌದೆಯ ಅಭಾವ. ಮರ ಬೆಳೆಯದ ಸೀಮೆಯಲ್ಲಿ ಸೌದೆ ಸಿಗುವುದಿಲ್ಲ ಎಂಬ ಸಂಶೋಧನೆಗೆ ಬುದ್ಧಿವಂತರಿಗೆ ಒಂದು ಶತಮಾನಕ್ಕೂ ಮಿಕ್ಕ ಕಾಲ ಹಿಡಿಯಿತು. ಇನ್ನೊಂದು, ಮನೆಗಳೆಲ್ಲ ಕಿಷ್ಕಿಂಧೆ. ಹಾಗಾಗಿ ಜನರನ್ನು ದಕ್ಷಿಣದ ನೈನ್, ಹೋಪ್‌ಡೇಲ್, ಮಕೋವಿಕ್‌ಗಳಿಗೆ ಹಂಚಿದರು. ಅಲ್ಲಿ ಹೊಸ ಮನೆಗಳು ಸಿದ್ಧವಿರಲಿಲ್ಲ. ಇಕ್ಕಟ್ಟಿಗೆ ಮದ್ದು ಎಂದರೆ ಇನ್ನೊಬ್ಬರ ಮನೆಯಲ್ಲಿ ಇಕ್ಕಟ್ಟು! ಕೊನೆಗೆ ಮನೆ ಎದ್ದದ್ದೂ ಊರ ಅಂಚಿನಲ್ಲಿ, ಬೇರೆಯೇ ಕೇರಿಯಾಗಿ. ಒಳ್ಳೆಯ ಬೇಟೆಯ ಜಾಗಗಳನ್ನು ಅಲ್ಲಿಯವರು ಮೊದಲೇ ಹಂಚಿಕೊಂಡಿದ್ದರು. ತಮ್ಮ ಕಡಲಿನ ಒಂದೊಂದು ಕೊಲ್ಲಿಯನ್ನೂ ಬಲ್ಲ ಬೇಟೆಗಾರ ಇಲ್ಲಿ ದಾರಿ ಕೇಳುತ್ತಾ ಓಡಾಡಬೇಕಾಯಿತು. ಅಣ್ಣ ಒಂದೂರಲ್ಲಿ, ತಂಗಿ ಇನ್ನೊಂದೂರಲ್ಲಿ. ಇದಕ್ಕೆ ಅಭಿವೃದ್ಧಿ ಅಂತ ಹೆಸರು.

1976ರಲ್ಲಿ ಅದೇ ಹೆಬ್ರಾನ್ ಕೆನಡಾದ ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು. ಬಾಳುವುದಕ್ಕೆ ಯೋಗ್ಯವಲ್ಲದ ಊರು ಹದಿನೇಳೇ ವರ್ಷದಲ್ಲಿ ನೋಡುವುದಕ್ಕೆ ಯೋಗ್ಯವಾಯಿತು. ಜನ ಖಾಲಿಯಾದರೆ ಪರಂಪರೆ ತಾನಾಗಿ ಕಳೆಗಟ್ಟುತ್ತದೆ. ಒಲೆಗೆ ಸೌದೆ ಮುಟ್ಟಿಸಲಾಗದಷ್ಟು ದೂರವಿದ್ದ ಆ ದಡಕ್ಕೆ ಈಗ ಚರ್ಚಿನ ದುರಸ್ತಿಗೆಂದು ಮರ ಹೋಗಿ ತಲುಪುತ್ತದೆ.

2005ರಲ್ಲಿ ಪ್ರಾಂತ್ಯದ ಪ್ರಧಾನಿ ಡ್ಯಾನಿ ವಿಲಿಯಮ್ಸ್ ಕ್ಷಮೆ ಕೇಳಿದರು. ನಲವತ್ತಾರು ವರ್ಷ ತಡವಾಗಿ. ಸಭೆಯಲ್ಲಿ ಕೂತಿದ್ದ ಹಿರಿಯರಲ್ಲಿ ಎಷ್ಟೋ ಮಂದಿ ಅಷ್ಟರಲ್ಲಿ ಸ್ಮಶಾನ ಸೇರಿಯಾಗಿತ್ತು. 2009ರಲ್ಲಿ ಆ ಕ್ಷಮಾಪಣೆಯ ಫಲಕವನ್ನು ತಂದು ನೆಟ್ಟದ್ದೂ ಹೆಬ್ರಾನಿನಲ್ಲೇ. ವರ್ಷದ ಬಹುಭಾಗ ಅದನ್ನು ಓದಲು ಹಿಮಕರಡಿಗೆ ಮಾತ್ರ ಅನುಕೂಲ. ಬೇಸಿಗೆಯಲ್ಲಿ ಕ್ರೂಸ್ ಹಡಗಿನವರು ಇಳಿದು ಫೋಟೊ ಹೊಡೆದುಕೊಳ್ಳುತ್ತಾರೆ. ಮೀನು ಹಿಡಿಯಲು, ಬೇಟೆಯಾಡಲು ಬರುವ ಇನ್ಯುಯಿಟರೂ ಇದ್ದಾರೆ. ಅಜ್ಜ ಹುಟ್ಟಿದ ಊರಿಗೆ ಅವರೂ ಈಗ ಸಂದರ್ಶಕರೇ.