ಸರಳೆ ವರಸೆಯ ಆಕರ ಯಾವ ಕಪಾಟಿನಲ್ಲಿದೆ?

ಸಂಗೀತ ಶಿಕ್ಷಣದ ಮೇಲೆ ನಮ್ಮಲ್ಲಿ ಬರುವ ಹಲವು ಪಿಎಚ್.ಡಿ. ಪ್ರಬಂಧಗಳ ಎರಡನೆಯ ಅಧ್ಯಾಯ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುತ್ತದೆ. ಹಂಗೇರಿಯ ಕೊಡಾಯ್, ಜರ್ಮನಿಯ ಓರ್ಫ್, ಜಪಾನಿನ ಸುಜುಕಿ, ಇವರ ಬೋಧನಾ ಪದ್ಧತಿಗಳಿಗೆ ಮೂವತ್ತು ಪುಟ. ಪುರಂದರದಾಸರು ಸರಳೆ ವರಸೆ, ಅಂದರೆ ಕರ್ನಾಟಕ ಸಂಗೀತದ ಮೊದಲ ಸ್ವರಾಭ್ಯಾಸ, ಹಾಕಿಕೊಟ್ಟರು ಎಂಬುದಕ್ಕೆ ಎರಡು ಸಾಲು, ಅದಕ್ಕೂ ಅಡಿಟಿಪ್ಪಣಿ ಇಲ್ಲ. ಕೊನೆಯಲ್ಲಿ 'ಈ ವಿಷಯದಲ್ಲಿ ಆಕರಗಳ ಕೊರತೆ ಇದೆ' ಎಂಬ ಮಾತು. ಈ ಮಾತನ್ನು ನಾನು ಒಪ್ಪುವುದಿಲ್ಲ. ಆಕರಗಳಿವೆ. ನಾವು ಹುಡುಕುವ ಹೆಸರಿನಲ್ಲಿ ಅವು ಇಲ್ಲ, ಅಷ್ಟೆ. ಹೆಸರು ಸರಿಹೋದರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದು ಪ್ರಶ್ನೆಯನ್ನೇ ಹಿಡಿದು ನೋಡೋಣ: ಸರಳೆ, ಜಂಟಿ, ದಾಟು, ಅಲಂಕಾರ, ಗೀತೆ ಎಂಬ ಆರಂಭದ ಪಾಠಕ್ರಮ ಅಚ್ಚಿನ ಪುಸ್ತಕಕ್ಕೆ, ಅಲ್ಲಿಂದ ಶಾಲೆಗೆ ಬಂದದ್ದು ಹೇಗೆ?

ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಕಲಿಯುವವರು ಯಾರು, ಕಲಿಯುವುದು ಏನು, ಎಲ್ಲಿ. ಪ್ರತಿ ಕಾಲಂನ ಕೆಳಗೆ ಆ ವಿಷಯಕ್ಕೆ ಇರಬಹುದಾದ ಎಲ್ಲ ಪದಗಳನ್ನೂ ಬರೆಯಿರಿ. ಕನ್ನಡದಲ್ಲೇ 'ಸರಳೆ', 'ಸರಳಿ', 'ಸ್ವರಾವಳಿ', 'ಅಭ್ಯಾಸ ಗಾನ' ಇವೆ. ಇಂಗ್ಲಿಷಿಗೆ ಹೋದರೆ ತಲೆನೋವು ಹೆಚ್ಚು. 'ಕರ್ನಾಟಕ ಸಂಗೀತ' ಎಂಬ ಒಂದು ಹೆಸರನ್ನು ಸಿ ಅಕ್ಷರದಿಂದ ಬರೆದವರುಂಟು, ಕೆ ಅಕ್ಷರದಿಂದ ಬರೆದವರುಂಟು, 'ಸೌತ್ ಇಂಡಿಯನ್ ಮ್ಯೂಸಿಕ್' ಎಂದವರೂ ಉಂಟು. 'ಗುರು–ಶಿಷ್ಯ'ದ ಶಿಷ್ಯನಿಗೆ ಕನಿಷ್ಠ ಮೂರು ಕಾಗುಣಿತ. ಸರಳೆ ಕಲಿಸುವ ರಾಗ ಮಾಯಾಮಾಳವಗೌಳಕ್ಕೆ ಎಷ್ಟೆಂದು ಲೆಕ್ಕವಿಲ್ಲ. ಪದದ ಮೊದಲ ಕೆಲವು ಅಕ್ಷರ ಬರೆದು ಕೊನೆಗೆ ನಕ್ಷತ್ರದ ಗುರುತು (*) ಹಾಕಿದರೆ ಹಲವು ಡೇಟಾಬೇಸ್‌ಗಳು ಎಲ್ಲ ರೂಪಗಳನ್ನೂ ತರುತ್ತವೆ. ಆದರೆ ಇಲ್ಲೊಂದು ಹಳ್ಳ ಇದೆ. 'ಕರ್ನಾಟ್' ಎಂಬಲ್ಲಿಗೆ ಕತ್ತರಿಸಿ ನಕ್ಷತ್ರ ಹಾಕಿದರೆ ಕರ್ನಾಟಕ ರಾಜ್ಯದ ಕೃಷಿ, ನೀರಾವರಿ, ಪಂಚಾಯಿತಿ ಎಲ್ಲವೂ ಬಂದು ಬೀಳುತ್ತದೆ. 'ಗುರು' ಎಂದಷ್ಟೇ ಹಾಕಿದರೆ ಆಡಳಿತಶಾಸ್ತ್ರದ ಲೇಖನಗಳು ಬರುತ್ತವೆ. ಆದ್ದರಿಂದ 'ಮ್ಯೂಸಿಕ್' ಎಂಬ ಪದವನ್ನು ಜೊತೆಗೆ ಕಡ್ಡಾಯ ಮಾಡಿ.

ಇನ್ನೊಂದು ಗೊಂದಲ ಇದಕ್ಕಿಂತ ಆಳವಾದದ್ದು. ಪಶ್ಚಿಮದ ಡೇಟಾಬೇಸ್‌ಗಳಲ್ಲಿ 'ಮ್ಯೂಸಿಕ್ ಎಜುಕೇಷನ್' ಎಂದರೆ ಹೆಚ್ಚಾಗಿ ಶಾಲೆಯ ತರಗತಿ. ನಮ್ಮಲ್ಲಿ ಪಾಠ ನಡೆದದ್ದು ಗುರುಗಳ ಮನೆಯ ಜಗಲಿಯಲ್ಲಿ, ದೇವಸ್ಥಾನದಲ್ಲಿ, ಅರಮನೆಯಲ್ಲಿ. ಹಾಗಾಗಿ ನಮ್ಮ ಪಾಠಕ್ರಮದ ಬಗೆಗಿನ ಬರಹ 'ಶಿಕ್ಷಣ'ದ ಅಡಿಯಲ್ಲಿ ಸಿಗುವುದು ಕಡಿಮೆ. ಜನಾಂಗೀಯ ಸಂಗೀತಶಾಸ್ತ್ರ, ಮೌಖಿಕ ಪರಂಪರೆ, ಸ್ವರಲಿಪಿ, ಜೀವನಚರಿತ್ರೆ, ಈ ತಲೆಬರಹಗಳ ಕೆಳಗೆ ಹುಡುಕಬೇಕು. ಇಂಗ್ಲಿಷ್ ಕ್ಯಾಟಲಾಗಿನಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಬಳಸುವ ವಿಷಯ ಶೀರ್ಷಿಕೆ 'ಮ್ಯೂಸಿಕ್—ಇನ್‌ಸ್ಟ್ರಕ್ಷನ್ ಅಂಡ್ ಸ್ಟಡಿ'. 'ಮ್ಯೂಸಿಕ್ ಎಜುಕೇಷನ್' ಎಂದು ಮಾತ್ರ ಹುಡುಕಿದವರಿಗೆ ಈ ಶೀರ್ಷಿಕೆಯ ಪುಸ್ತಕಗಳು ತಪ್ಪಿಹೋಗುತ್ತವೆ.

ಇನ್ನು ಕಪಾಟು. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ಪದ್ಧತಿಯ ಗ್ರಂಥಾಲಯದಲ್ಲಿ ಸಂಗೀತ ಶಿಕ್ಷಣ 780.7ರಲ್ಲಿ. ಆದರೆ ಪ್ರಾಥಮಿಕ ಶಾಲೆಯ ಸಂಗೀತ ಬೋಧನೆ ಶಿಕ್ಷಣದ ಕಪಾಟಿನಲ್ಲಿ, 372.87ರಲ್ಲಿ ಇರುತ್ತದೆ. ನಡುವೆ ಒಂದು ಮಹಡಿಯ ಅಂತರವೇ ಇರಬಹುದು. ವಾದ್ಯದ ಪಾಠಪುಸ್ತಕಗಳು ವಾದ್ಯದ ಜೊತೆ ಹೋಗುತ್ತವೆ: ಪಿಟೀಲು 787.2, ಮೃದಂಗದಂಥ ಚರ್ಮವಾದ್ಯ 786.9. ಸಂಗೀತದ ಈ ವಿಭಾಗವನ್ನು 1989ರ 20ನೆಯ ಆವೃತ್ತಿಯಲ್ಲಿ ಬುಡದಿಂದ ಬದಲಾಯಿಸಲಾಯಿತು. ಹಳೆಯ ಆವೃತ್ತಿಯಲ್ಲಿ ಪಿಟೀಲು 787.1 ಆಗಿತ್ತು. ಒಂದೇ ಗ್ರಂಥಾಲಯದಲ್ಲಿ ಎರಡೂ ಸಂಖ್ಯೆಯ ಪುಸ್ತಕಗಳು ಸಿಕ್ಕರೆ ಕಾರಣ ಇದು. ರಂಗನಾಥನ್ ಅವರ ಕೋಲನ್ ವರ್ಗೀಕರಣ ಇರುವ ಕಡೆ ಸಂಗೀತದ ಗುರುತು 'ಎನ್‌ಆರ್'. ಹಲವು ಕಡೆ ಕನ್ನಡ ಪುಸ್ತಕಗಳು ಬೇರೆಯೇ ಕೋಣೆಯಲ್ಲಿ ಇರುತ್ತವೆ. ಗ್ರಂಥಪಾಲಕರನ್ನು 'ಸಂಗೀತ ಶಿಕ್ಷಣದ ಪುಸ್ತಕ ಇದೆಯಾ ಸರ್' ಎಂದು ಕೇಳಿದರೆ ಅವರು 780.7 ತೋರಿಸಿ ಕಳಿಸುತ್ತಾರೆ. 'ಕನ್ನಡದ ಹಳೆಯ ಸಂಗೀತ ಪಾಠಪುಸ್ತಕ, ಪರೀಕ್ಷೆಗೆ ಓದುತ್ತಿದ್ದದ್ದು, 1970ಕ್ಕೆ ಮೊದಲಿನದು' ಎಂದು ಕೇಳಿದರೆ ಅವರು ಎದ್ದು ಬರುತ್ತಾರೆ. ಪುಸ್ತಕ ಬಂದಾಗ ದಾಖಲಿಸುವ ಹಳೆಯ ಆಕ್ಸೆಷನ್ ರಿಜಿಸ್ಟರ್ ಕೇಳಿ ನೋಡಲು ಮರೆಯಬೇಡಿ. ಕಂಪ್ಯೂಟರ್ ಕ್ಯಾಟಲಾಗಿಗೆ ಹತ್ತದ ಪುಸ್ತಕ ಅದರಲ್ಲಿ ಸಿಗಬಹುದು.

ಶೋಧಗಂಗಾಕ್ಕೆ ಬರೋಣ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಈ ಪಿಎಚ್.ಡಿ. ಪ್ರಬಂಧಗಳ ಭಂಡಾರ ಉಚಿತ, ಅಮೂಲ್ಯ. ಆದರೆ ಹುಡುಕುವ ಖಾನೆಯನ್ನೇ ನಂಬಿ ಕುಳಿತರೆ ಅರ್ಧವೂ ಸಿಗುವುದಿಲ್ಲ. ಕನ್ನಡ ಪ್ರಬಂಧದ ಶೀರ್ಷಿಕೆಯನ್ನು ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ ತಮಗೆ ತೋಚಿದಂತೆ ನಮೂದಿಸಿರುತ್ತಾರೆ. ವಿಶ್ವವಿದ್ಯಾಲಯ ಆರಿಸಿ, ಅದರೊಳಗೆ ವಿಭಾಗ ಆರಿಸಿ, ಪಟ್ಟಿಯನ್ನು ಕಣ್ಣಾಡಿಸುವುದೇ ಸರಿಯಾದ ದಾರಿ. 'ಸಂಗೀತ' ವಿಭಾಗ ಮಾತ್ರ ನೋಡಿ ನಿಲ್ಲಿಸಬೇಡಿ. 'ಲಲಿತಕಲೆ', 'ಪ್ರದರ್ಶಕ ಕಲೆ', 'ಶಿಕ್ಷಣ', 'ಕನ್ನಡ ಅಧ್ಯಯನ' ಇಷ್ಟನ್ನೂ ತೆರೆಯಿರಿ. ದಾಸಸಾಹಿತ್ಯದ ಪ್ರಬಂಧಗಳೆಲ್ಲ ಈ ಕೊನೆಯದರಲ್ಲಿ ಕುಳಿತಿರುತ್ತವೆ. ಪ್ರಬಂಧ ಸಿಕ್ಕಮೇಲೆ ಮೊದಲು ತೆರೆಯಬೇಕಾದದ್ದು ಕೊನೆಯ ಪಿಡಿಎಫ್, ಅಂದರೆ ಗ್ರಂಥಋಣದ ಪಟ್ಟಿ.

ಪಿಡಿಎಫ್ ಒಳಗೆ ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ ಎಂದು ಬಹಳ ಜನ ಕೇಳುತ್ತಾರೆ. ಕೆಲವು ಸ್ಕ್ಯಾನ್ ಮಾಡಿದ ಚಿತ್ರ, ಅದರಲ್ಲಿ ಅಕ್ಷರವೇ ಇಲ್ಲ. ಇನ್ನು ಕೆಲವು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದವು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷ್ ಗೀಚು. ಯುನಿಕೋಡ್‌ನಲ್ಲಿ 'ಸರಳೆ' ಎಂದು ಹುಡುಕಿದರೆ ಅಲ್ಲಿ ಆ ಪದವೇ ಇಲ್ಲ ಎನ್ನುತ್ತದೆ. ಪಠ್ಯವನ್ನು ಕಾಪಿ ಮಾಡಿ ಆಸ್ಕಿಯಿಂದ (ಈ ಹಳೆಯ ಫಾಂಟುಗಳ ಸಂಕೇತ) ಯುನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿದರೆ ಬಹುಪಾಲು ಸರಿಹೋಗುತ್ತದೆ. ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ, ಅವನ್ನು ಕಣ್ಣಿನಿಂದ ನೋಡಿ ತಿದ್ದಬೇಕು.

ಹಳೆಯ ಪುಸ್ತಕಗಳಿಗೆ ಆರ್ಕೈವ್ ಡಾಟ್ ಆರ್ಗ್. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸ್ಕ್ಯಾನ್‌ಗಳು ಅಲ್ಲಿವೆ, ಆದರೆ ಕನ್ನಡ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬಾಯಿಗೆ ಬಂದಂತೆ ಬರೆದಿದ್ದಾರೆ. 'ಸಂಗೀತ' ಎಂಬ ಪದದ ನಡುವೆ ಎನ್ ಬದಲು ಎಂ ಇರಬಹುದು, ಈಕಾರಕ್ಕೆ ಒಂದೇ ಐ ಅಥವಾ ಎರಡು ಇ ಇರಬಹುದು. ಕನ್ನಡದಲ್ಲೇ ಟೈಪ್ ಮಾಡಿ ಹುಡುಕಲು 'ಪುಸ್ತಕ ಸಂಚಯ' ತಾಣ ಮಾಡಿರುವ ಕೆಲಸ ದೊಡ್ಡದು, ಮೊದಲು ಅಲ್ಲಿ ನೋಡಿ.

ನಮ್ಮ ಪ್ರಶ್ನೆಗೆ ಮುಖ್ಯವಾದ ಒಂದು ಸಂಗತಿ ಇದೆ. ಕರ್ನಾಟಕ ಸಂಗೀತದ ಆರಂಭಕಾಲದ ಮುದ್ರಿತ ಪುಸ್ತಕಗಳಲ್ಲಿ ಬಹಳಷ್ಟು ತೆಲುಗು ಲಿಪಿಯಲ್ಲಿವೆ. ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಲ್ಲಿ ಅಚ್ಚು ಹಾಕಿಸಿದ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯೂ ತೆಲುಗು ಲಿಪಿಯದೇ. ಕನ್ನಡ ಓದುವವರಿಗೆ ಆ ಲಿಪಿ ಕಷ್ಟವೇ ಅಲ್ಲ. ತಲೆಕಟ್ಟಿನ ವ್ಯತ್ಯಾಸ ಒಂದು ಹಿಡಿತಕ್ಕೆ ಬಂದರೆ ಒಂದೆರಡು ವಾರದಲ್ಲಿ ಸ್ವರ–ಸಾಹಿತ್ಯ ಓದಬಹುದು. ಬೇರೆ ಭಾಷೆಯ ಸಂಶೋಧಕರಿಗೆ ಸುಲಭವಾಗಿ ದಕ್ಕದ ಈ ಅನುಕೂಲ ಕೈಯಲ್ಲಿದ್ದೂ ನಮ್ಮವರು ಇಂಗ್ಲಿಷ್ ಸಾರಾಂಶಕ್ಕೆ ಜೋತುಬೀಳುವುದು ನನಗೆ ನಿಜವಾಗಿ ಬೇಸರ ತರುತ್ತದೆ. ಲಿಪಿ ಬೇಡವೆನ್ನುವವರಿಗೆ ಎ.ಎಂ. ಚಿನ್ನಸ್ವಾಮಿ ಮುದಲಿಯಾರ್ 1893ರಲ್ಲಿ ತಂದ, ಪಾಶ್ಚಾತ್ಯ ಸ್ವರಲಿಪಿಯ ಸಂಗ್ರಹ ಇದೆ.

ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯ ಜರ್ನಲ್ 1930ರಿಂದ ಬರುತ್ತಿದೆ. ಅಕಾಡೆಮಿ 1931ರಲ್ಲೇ ಸಂಗೀತ ಶಿಕ್ಷಕರ ಕಾಲೇಜು ತೆರೆದಿತ್ತು. ಲೇಖನಗಳ ಸೂಚಿ ನೋಡಿ ಜರ್ನಲ್ ಮುಚ್ಚಿಡಬೇಡಿ. ವಾರ್ಷಿಕ ಸಮ್ಮೇಳನದ ವಿದ್ವತ್ ಸಮಿತಿಯ ಚರ್ಚೆಯ ವರದಿಗಳನ್ನು ಓದಿ. ವಿದ್ವಾಂಸರು ಎದುರುಬದುರು ಕುಳಿತು ಆಡಿದ ಮಾತು ಅಲ್ಲಿ ದಾಖಲಾಗಿದೆ, ಶೀರ್ಷಿಕೆಯಲ್ಲಿ 'ಶಿಕ್ಷಣ' ಎಂಬ ಪದ ಇಲ್ಲದಿರುವುದರಿಂದ ಯಾವ ಕೀವರ್ಡಿಗೂ ಅದು ಸಿಗುವುದಿಲ್ಲ.

ಅಂತರರಾಷ್ಟ್ರೀಯ ಜರ್ನಲ್‌ಗಳು ಬೇಡವೆಂದು ನಾನು ಹೇಳುತ್ತಿಲ್ಲ. ಅಮೆರಿಕದ ಶಿಕ್ಷಣ ಡೇಟಾಬೇಸ್ ಎರಿಕ್ ಉಚಿತ. ಅದರಲ್ಲಿ 'ಇಡಿ' ಎಂದು ಶುರುವಾಗುವ ಸಂಖ್ಯೆ ವರದಿ, ದಾಖಲೆಗಳದ್ದು, ಪೂರ್ಣ ಪಠ್ಯ ಸಿಗುವ ಸಾಧ್ಯತೆ ಹೆಚ್ಚು. 'ಇಜೆ' ಎಂದಿದ್ದರೆ ಜರ್ನಲ್ ಲೇಖನ, ಸಾಮಾನ್ಯವಾಗಿ ಸಾರಾಂಶ ಮಾತ್ರ. ಜರ್ನಲ್‌ಗಳ ಭಂಡಾರವಾದ ಜೆಸ್ಟೋರ್‌ನಲ್ಲಿ ಸ್ವಂತ ಖಾತೆ ತೆರೆದರೆ ತಿಂಗಳಿಗೆ 100 ಲೇಖನ ಪರದೆಯ ಮೇಲೆ ಓದಬಹುದು, ಇಳಿಸಿಕೊಳ್ಳಲಾಗದು. ಸರ್ಕಾರಿ ವಿಶ್ವವಿದ್ಯಾಲಯದಲ್ಲಿದ್ದರೆ 2025ರ ಜನವರಿಯಿಂದ ಜಾರಿಗೆ ಬಂದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಲ್ಲಿ ಸೇಜ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶಕರು ಇದ್ದಾರೆ. ಸಂಗೀತ ಶಿಕ್ಷಣದ ಪ್ರಮುಖ ಜರ್ನಲ್‌ಗಳು ಹೆಚ್ಚಾಗಿ ಇವರವೇ. ದುಡ್ಡು ಕೊಟ್ಟು ಲೇಖನ ಕೊಳ್ಳುವ ಮೊದಲು ನಿಮ್ಮ ಗ್ರಂಥಾಲಯದಲ್ಲಿ ಲಾಗಿನ್ ಕೇಳಿ.

ನಮ್ಮ ಪ್ರಶ್ನೆಯಲ್ಲಿ ಶಾಲೆಯ ಭಾಗಕ್ಕೆ ರಾಜ್ಯ ಪತ್ರಾಗಾರವೇ ಗತಿ. ಸೂಚಿಯಲ್ಲಿ 'ಸಂಗೀತ' ಎಂದು ಹುಡುಕಿ ಇಲ್ಲವೆಂದು ವಾಪಸ್ ಬರಬೇಡಿ. ಮೈಸೂರು ಸಂಸ್ಥಾನದ ಕಡತಗಳು ಇಲಾಖೆವಾರು ಇವೆ. ಸಂಗೀತ ಶಿಕ್ಷಕರ ನೇಮಕ, ಸಂಬಳ ಶಿಕ್ಷಣ ಇಲಾಖೆಯಲ್ಲಿ, ಆಸ್ಥಾನ ವಿದ್ವಾಂಸರದ್ದು ಅರಮನೆಯ ದಾಖಲೆಗಳಲ್ಲಿ, ದೇವಸ್ಥಾನದ ಊಳಿಗದವರದ್ದು ಮುಜರಾಯಿಯಲ್ಲಿ. ವಿಭಾಗದ ಮುಖ್ಯಸ್ಥರ ಪತ್ರ, ಗುರುತಿನ ಚೀಟಿ, ಅರ್ಜಿ ಜೊತೆಗಿರಲಿ. ಒಂದೇ ದಿನದಲ್ಲಿ ಕಡತ ಕೈಗೆ ಬರುತ್ತದೆ ಎಂದುಕೊಂಡು ಊರಿಂದ ಹೊರಡಬೇಡಿ.

ಇನ್ನುಳಿದದ್ದು ಯಾರೂ ಆಕರವೆಂದು ಲೆಕ್ಕಕ್ಕೇ ತೆಗೆದುಕೊಳ್ಳದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಪಾಠಪುಸ್ತಕಗಳು. ಸರಳೆ ಎಷ್ಟು, ಜಂಟಿ ಎಷ್ಟು, ಮೊದಲ ಗೀತೆ ಯಾವುದು, ಯಾವ ಮುದ್ರಣದಲ್ಲಿ ಏನು ಬಿಟ್ಟರು ಎಂಬುದೇ ನಮ್ಮ ಪ್ರಶ್ನೆಗೆ ಉತ್ತರ. ಗ್ರಂಥಾಲಯಗಳು ಇವನ್ನು ಗೈಡ್ ಎಂದು ಬಗೆದು ವಿಲೇವಾರಿ ಮಾಡುತ್ತವೆ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಒಂದೊಂದು ಪ್ರತಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈನ ಕನ್ನೆಮರಾ ಗ್ರಂಥಾಲಯಕ್ಕೂ ಹೋಗಬೇಕು, ಆದರೆ ಸಣ್ಣ ಪ್ರಕಾಶಕರು ಎಲ್ಲರೂ ಕಳಿಸಿದ್ದಾರೆಂದು ನೆಚ್ಚಿಕೊಳ್ಳುವಂತಿಲ್ಲ. ಆಗ ಹಿರಿಯ ಶಿಕ್ಷಕರ ಮನೆಯ ಟ್ರಂಕು, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿ. ಸಿಕ್ಕಾಗ ಪಾಠದ ಪುಟ ಮಾತ್ರ ಫೋಟೊ ತೆಗೆದು ಬರುವವರೇ ಹೆಚ್ಚು, ಆಮೇಲೆ ವರ್ಷ ಗೊತ್ತಾಗದೆ ಒದ್ದಾಡುತ್ತಾರೆ. ಮುಖಪುಟ, ಒಳ ಶೀರ್ಷಿಕೆ, ಅದರ ಹಿಂಬದಿ, ಮುನ್ನುಡಿಯ ಕೊನೆಗೆ ಇರುವ ತಾರೀಕು, ಹಿಂದಿನ ರಕ್ಷಾಪುಟದ ಬೆಲೆ ಮತ್ತು ಮುದ್ರಣಾಲಯದ ಹೆಸರು, ಈ ಐದೂ ಬೇಕು. ಹಿಂಬದಿಯಲ್ಲಿ 'ಹನ್ನೆರಡನೆಯ ಮುದ್ರಣ' ಎಂದಿದ್ದರೆ ಆ ವರ್ಷವನ್ನು ಪುಸ್ತಕದ ವರ್ಷವೆಂದು ಬರೆದುಕೊಳ್ಳಬೇಡಿ, ಮೊದಲ ಮುದ್ರಣದ ವರ್ಷ ಮುನ್ನುಡಿಯಲ್ಲಿ ಹುಡುಕಿ. ಆಕರಗಳ ಪಟ್ಟಿ ಮಾಡುವ ಜೊಟೆರೊ ತಂತ್ರಾಂಶದಲ್ಲಿ ನಮೂದಿಸುವಾಗ ಲೇಖಕರ ಹೆಸರನ್ನು ಒಂದೇ ಖಾನೆಯಲ್ಲಿ ಹಾಕಿ. ಎರಡು ಖಾನೆಗೆ ಒಡೆದರೆ ಇನಿಷಿಯಲ್ ಇರುವ ನಮ್ಮ ಹೆಸರುಗಳು ತಿರುವುಮುರುವಾಗಿ, ಊರಿನ ಹೆಸರು ಲೇಖಕರ ಹೆಸರಾಗಿ ಅಚ್ಚಾಗುತ್ತದೆ.